ಸಿಂಗಾಪುರದ ಕರೆಗೆ ಒಂದು ದೋಸೆ

ಹೋಟೆಲಿನ ಗಲ್ಲೆಯ ಮೇಲೆ ಫೋನು ಇದ್ದರೆ, ಇಡ್ಲಿ ಖರ್ಚಾಗುತ್ತದೋ ಬಿಡುತ್ತದೋ, ತಮಾಷೆಗಂತೂ ಕೊರತೆಯಾಗುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಮದರಾಸಿನ ಅಡ್ಯಾರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದೆ. ಯಜಮಾನರು ಉಡುಪಿ ಕಡೆಯವರು. ನಾನು ಅಲ್ಲೇ ಹುಟ್ಟಿ ಬೆಳೆದವನು. ನನ್ನ ಕನ್ನಡ ಕೇಳಿದಾಗಲೆಲ್ಲ, "ನೀನು ತಮಿಳಿನಲ್ಲೇ ಹೇಳು ಮಾರಾಯ, ಬೇಗ ಅರ್ಥ ಆಗ್ತದೆ" ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳನ್ನು ಸಿಂಗಾಪುರದಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿದ್ದರು. ಅಳಿಯನ ಮನೆಗೆ ಅವನ ಕಂಪನಿ ಫೋನು ಹಾಕಿಸಿಕೊಟ್ಟಿತ್ತು. ಮಗಳ ದನಿ ಕೇಳಬೇಕೆಂದು ಯಜಮಾನರ ಹೆಂಡತಿಗೆ, ನಾವೆಲ್ಲ ಅಮ್ಮ ಎಂದು ಕರೆಯುತ್ತಿದ್ದವರಿಗೆ, ಸದಾ ಹಂಬಲ. ಯಜಮಾನರಿಗೂ ಆಸೆಯಿತ್ತು. ಆದರೆ ಪರದೇಶದ ಕರೆಯ ಬಿಲ್ಲು ನೆನೆದರೆ ಅವರ ಕೈ ಫೋನಿನಿಂದ ಹಿಂದೆ ಸರಿಯುತ್ತಿತ್ತು. ಮೂರು ನಿಮಿಷಕ್ಕೆ ಒಂದು ದರ, ಅದು ದಾಟಿದರೆ ನಿಮಿಷ ನಿಮಿಷಕ್ಕೂ ಬೇರೆ. ಆ ಖರ್ಚನ್ನು ಹೇಗೆ ಇಳಿಸುವುದು ಎಂಬುದೇ ಅವರಿಗೆ ಮೂರು ಹೊತ್ತೂ ಚಿಂತೆ.

ಕೂಗು

ಮೊದಲ ಸಲ ಕರೆ ಸಿಕ್ಕಾಗ ಯಜಮಾನರೇ ಮಾತಾಡಿದರು. ಸಿಂಗಾಪುರ ಸಮುದ್ರದಾಚೆ ತಾನೇ, ಗಂಟಲು ಹರಿಯುವಂತೆ ಕೂಗಿದರು.

"ಹಲೋ! ಕೇಳ್ತದಾ?"

ಆ ಕಡೆಯಿಂದ ಅಳಿಯ, "ಕೇಳ್ತದೆ ಮಾವ. ನಿಮಗೆ ಕೇಳ್ತದಾ?"

"ನಮಗೆ ಕೇಳ್ತದೆ. ನಿಮಗೆ ಸರಿಯಾಗಿ ಕೇಳ್ತದಾ?"

ಇದರಲ್ಲೇ ಮೂರು ನಿಮಿಷ ಮುಗಿಯಿತು. ಪಕ್ಕದಲ್ಲಿ ಕೈಚಾಚಿಕೊಂಡು ನಿಂತಿದ್ದ ಅಮ್ಮನಿಗೆ ರಿಸೀವರು ಸಿಗುವ ಹೊತ್ತಿಗೆ ಲೈನೇ ಇರಲಿಲ್ಲ. ಅವರು ರಿಸೀವರನ್ನು ಅಲ್ಲೇ ಇಟ್ಟು ಒಳಗೆ ಹೋದರು.

ದಿನಾ ಬರುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಇಷ್ಟು ಜೋರಾಗಿ ಕೂಗೋಕೆ ಫೋನ್ ಯಾಕೆ ಸಾರ್? ಎಲಿಯಟ್ಸ್ ಬೀಚಲ್ಲಿ ನಿಂತು ಕೂಗಿ. ಓಸಿಯಲ್ಲಿ ಆಗುತ್ತೆ, ಕಾಸೇ ಬೇಡ."

ಯಜಮಾನರು ಒಂದು ಗಳಿಗೆ ನಿಜವಾಗಿಯೂ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಫೋನು ಯಾರ ಹೆಸರಿನಲ್ಲಿದೆ?

ಮುಂದಿನ ಸಲ ಕರೆ ಬುಕ್ ಮಾಡಲು ಅಮ್ಮನನ್ನೇ ಕೂರಿಸಿದರು. ಹೆಂಗಸಿನ ದನಿ ಕೇಳಿದರೆ ಎಕ್ಸ್‌ಚೇಂಜಿನ ಆಪರೇಟರಮ್ಮ ಕರಗಿ ಸ್ವಲ್ಪ ಹೊತ್ತು ಹೆಚ್ಚು ಬಿಟ್ಟಾಳು ಎಂಬುದು ಯಜಮಾನರ ಲೆಕ್ಕಾಚಾರ.

ಫೋನು ಯಾರ ಹೆಸರಿನಲ್ಲಿದೆ ಎಂದು ಆಪರೇಟರಮ್ಮ ತಮಿಳಿನಲ್ಲಿ ಕೇಳಿದಳು. ಅಮ್ಮ ಬಾಯಿಗೆ ಸೆರಗು ಹಚ್ಚಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ?

"ಇವರದ್ದು" ಎಂದರು.

"ಇವರು ಅಂದರೆ ಯಾರಮ್ಮ?"

"ಇಲ್ಲೇ ನನ್ನ ಎದುರಿಗೆ ನಿಂತಿದ್ದಾರಲ್ಲ, ಅವರು."

ನಾನು ರಿಸೀವರಿಗೆ ಕೈಹಾಕಹೋದರೆ ಯಜಮಾನರು ಕಣ್ಣಲ್ಲೇ ತಡೆದರು. ಗಂಡಸಿನ ದನಿ ಬಂದರೆ ಕರಗಿದ್ದೆಲ್ಲ ಮತ್ತೆ ಗಟ್ಟಿಯಾದೀತು. ಕೊನೆಗೆ ಅಮ್ಮನಿಗೆ ರೇಗಿತು. ತಮ್ಮ ಉಡುಪಿ ತಮಿಳಿನಲ್ಲಿ ಕೇಳಿಯೇಬಿಟ್ಟರು: "ನಿನಗೆ ಮದುವೆ ಆಗಿದೆಯೇನಮ್ಮ? ಆಗಿದ್ದರೆ ನಿನ್ನ ಗಂಡನ ಹೆಸರು ಹೇಳು, ನೋಡುವ."

ಆ ಕಡೆಯಿಂದ ನಾಚಿಕೆಯ ನಗು ಕೇಳಿತು. ಆಮೇಲೆ ಆಪರೇಟರಮ್ಮ ಮೆಲ್ಲಗೆ, "ಸರಿ ಅಮ್ಮ, ಹೋಟೆಲ್ ಅಂತಲೇ ಬರ್ಕೋತೀನಿ" ಎಂದಳು.

ಅಮ್ಮ ರಿಸೀವರು ಇಟ್ಟು, "ಪಾಪ, ಒಳ್ಳೇ ಮನೆತನದ ಹುಡುಗಿ" ಎಂದರು.

ದೋಸೆ ಗಡಿಯಾರ

ನಮ್ಮ ಗೋಡೆ ಗಡಿಯಾರವನ್ನು ಗಿರಾಕಿಗಳು ಬೇಗ ಎದ್ದುಹೋಗಲೆಂದು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿದ್ದರಿಂದ ಯಜಮಾನರಿಗೇ ಅದರ ಮೇಲೆ ನಂಬಿಕೆಯಿರಲಿಲ್ಲ. ಅವರು ನಂಬುತ್ತಿದ್ದುದು ದೋಸೆ ಕಾವಲಿಯನ್ನು. ಒಂದು ದೋಸೆ ಹದವಾಗಿ ಗರಿಯಾಗಲು ಬೇಕಾದಷ್ಟು ಹೊತ್ತೇ ಫೋನಿನ ಮೂರು ನಿಮಿಷ ಎಂದು ತೀರ್ಮಾನವಾಯಿತು. ಕರೆ ಸಿಕ್ಕಿದ ಕೂಡಲೇ, "ಭಟ್ರೇ, ದೋಸೆ!" ಎಂದು ಯಜಮಾನರು ಕೂಗುವುದು. ಒಳಗೆ ಅಡುಗೆ ಭಟ್ಟರು ಹಿಟ್ಟು ಹುಯ್ಯುವುದು. ಅವರು "ಆಯ್ತು!" ಎಂದೊಡನೆ ಫೋನು ಕೆಳಗೆ.

ಅಮ್ಮನಿಗೆ ಕೊನೆಗೂ ಮಗಳ ದನಿ ಸಿಕ್ಕಿತು. ಊಟದ ಮಾತಾಯಿತು, ಸೆಕೆಯ ಮಾತಾಯಿತು, ಅಲ್ಲಿ ಸಿಗುವ ತೆಂಗಿನಕಾಯಿಯ ಮಾತಾಯಿತು. ಒಳಗಿನಿಂದ "ಆಯ್ತು" ಬರಲೇ ಇಲ್ಲ. ಯಜಮಾನರು ನಿಂತಲ್ಲೇ ಬೆವೆತರು. ಬಹಳ ಹೊತ್ತಿನ ಮೇಲೆ ಭಟ್ಟರ ದನಿಯೂ ಬಂತು, ಹಿಂದೆಯೇ ತಟ್ಟೆಯೂ ಬಂತು. ತಟ್ಟೆಯಲ್ಲಿದ್ದುದು ಹೆಬ್ಬೆರಳು ದಪ್ಪದ ಊತಪ್ಪ.

"ಭಟ್ರೇ, ಇದು ದೋಸೆಯಾ?"

ಭಟ್ಟರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. "ಅಮ್ಮ ಅಷ್ಟು ಖುಷಿಯಲ್ಲಿ ಮಾತಾಡ್ತಿದ್ರು ಯಜಮಾನ್ರೇ. ಹಿಟ್ಟು ಒಂಚೂರು ಜಾಸ್ತಿ ಬಿತ್ತು."

ಇಲ್ಲದ ಮನುಷ್ಯರು

ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಅಲ್ಲಿಯ ಡಾಕ್ಟರು ಹಡಗು ಹತ್ತಲೇಬಾರದು ಎಂದುಬಿಟ್ಟರು. ಮನೆಯಲ್ಲೇ ಹೆರಿಗೆ, ನರ್ಸು ಬರುತ್ತಾಳೆ ಎಂದು ಅಳಿಯ ಬರೆದ. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಸುದ್ದಿಗೆ ತಂತಿ ಕೊಡಿಸೋಣವೆಂದರೆ ಒಪ್ಪಲಿಲ್ಲ. "ತಂತಿ ಬಂತೂಂದ್ರೆ ಯಾರೋ ಹೋದ್ರು ಅಂತ್ಲೇ ಲೆಕ್ಕ. ನನ್ನ ಮಗಳ ಸುದ್ದಿ ಹಾಗೆ ಬರೂದು ಬೇಡ."

ಆಗ ಇಂಥವರೇ ಬೇಕು ಎಂದು ಹೇಳಿ ಕರೆ ಬುಕ್ ಮಾಡುವ ಕ್ರಮವಿತ್ತು. ಆ ಮನುಷ್ಯ ಇಲ್ಲವೆಂದರೆ ಮಾತಿನ ದುಡ್ಡು ಬೀಳುತ್ತಿರಲಿಲ್ಲ. ಯಜಮಾನರ ತಲೆ ಓಡಿತು. ಗಂಡಾದರೆ ಅಳಿಯ ಅಡುಗೆ ಭಟ್ಟರನ್ನು ಕೇಳಬೇಕು, ಹೆಣ್ಣಾದರೆ ಕ್ಯಾಷಿಯರನ್ನು. ನಾವು "ಅವರಿಲ್ಲ" ಎಂದು ಫೋನು ಇಟ್ಟುಬಿಡಬೇಕು. ಹಾಗೆಂದು ಅಳಿಯನಿಗೆ ಕಾಗದವೂ ಹೋಯಿತು. ಹೆಣ್ಣಿಗೆ ನಾನೇ ಯಾಕೆ ಎಂದು ಕೇಳಿದೆ. "ಗಲ್ಲೆಯಲ್ಲಿ ಲಕ್ಷ್ಮಿ ಕೂರೂದಲ್ವಾ?" ಎಂದರು.

ಒಂದು ಸಂಜೆ, ತಿಂಡಿಗೆ ಜನ ಕಿಕ್ಕಿರಿದಿದ್ದಾಗ ಫೋನು ಬಾರಿಸಿತು. ಸಿಂಗಾಪುರದ ಕರೆ, ಅಡುಗೆ ಭಟ್ಟರು ಇದ್ದಾರೆಯೇ ಎಂದಳು ಆಪರೇಟರಮ್ಮ. ಯಜಮಾನರು "ಅಡುಗೆ ಭಟ್ರಾ?" ಎಂದು ಉಬ್ಬಿದ ದನಿಯಲ್ಲಿ ಕೇಳಿದ್ದೇ ತಡ, ಒಳಗಿನಿಂದ ಭಟ್ಟರು ಸೌಟು ಹಿಡಿದು ಓಡಿಬಂದರು. "ನಾನಿಲ್ಲ ಅಂತ ಹೇಳಿ! ನಾನು ಇಲ್ಲವೇ ಇಲ್ಲ!"

"ಅದು ಯಾರು ಸಾರ್ ಕೂಗೋದು?"

"ಅವರೇ ಇಲ್ಲದವರು" ಎಂದು ಯಜಮಾನರು ಫೋನು ಇಟ್ಟರು.

ಮೊಮ್ಮಗ! ಗಿರಾಕಿಗಳಿಗೆಲ್ಲ ಪುಕ್ಕಟೆ ಕೇಸರಿಭಾತು ಬಂತು, ಯಜಮಾನರ ಕೈ ಹಿಡಿತದಲ್ಲೇ, ತಲೆಗೊಂದು ಚಮಚದಂತೆ. ಅಮ್ಮ ಮಾತ್ರ, "ಮಗಳು ಹೇಗಿದ್ದಾಳೆ?" ಎಂದು ಕೇಳಿದರು. ಅದಕ್ಕೆ ಸಂಕೇತ ಮಾಡಿಕೊಳ್ಳಲು ಎಲ್ಲರೂ ಮರೆತಿದ್ದೆವು.

ಅಷ್ಟರಲ್ಲಿ ಮತ್ತೆ ಫೋನು. ಈ ಸಲ ನಾನೇ ಎತ್ತಿದೆ. ಕ್ಯಾಷಿಯರ್ ಬೇಕಂತೆ. ಗಲ್ಲೆಯಲ್ಲಿ ಕುಳಿತೇ, ಇಲ್ಲ ಎಂದೆ. ನೀವು ಯಾರು ಎಂದಳು. "ನಾನು ತಿಂಡಿಗೆ ಬಂದವನು" ಎಂದು ಇಟ್ಟುಬಿಟ್ಟೆ.

ಯಜಮಾನರು ಕಂಗಾಲಾದರು. "ಗಂಡೂ ಅಂತಾನೆ, ಹೆಣ್ಣೂ ಅಂತಾನೆ! ಎಂತ ಅಳಿಯನಪ್ಪ ಇವ?"

"ಮೊದಲು ಗಡಿಬಿಡಿಯಲ್ಲಿ ಸರಿ ನೋಡಿರ್ಲಿಕ್ಕಿಲ್ಲ" ಎಂದರು ಭಟ್ಟರು.

ಮೂರನೆಯ ಸಲ ಬಾರಿಸಿದಾಗ ಆಪರೇಟರಮ್ಮನ ತಾಳ್ಮೆ ಕೆಟ್ಟಿತ್ತು. ಭಟ್ಟರಾದರೂ ಸರಿ, ಕ್ಯಾಷಿಯರಾದರೂ ಸರಿ, ಅಲ್ಲಿ ಯಾರಾದರೂ ಇದ್ದೀರಾ? ನಾನು ಬಾಯಿ ತೆರೆಯುವುದರೊಳಗೆ ಅಮ್ಮ ನನ್ನ ಕೈಯಿಂದ ರಿಸೀವರು ಕಿತ್ತುಕೊಂಡರು.

"ಭಟ್ಟರೂ ನಾನೇ, ಕ್ಯಾಷಿಯರೂ ನಾನೇ! ಲೈನು ಕೊಡಮ್ಮ!"

ಲೈನು ಬಂತು. ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಆಮೇಲೆ ಮಗಳೇ "ಅಮ್ಮಾ" ಎಂದಳಂತೆ. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುಮ್ಮನೆ ಅಳತೊಡಗಿದರು. ನಮ್ಮ ಕಣ್ಣೂ ಒದ್ದೆಯಾಯಿತು.

ಯಜಮಾನರು ಅಭ್ಯಾಸಬಲದಿಂದ "ಭಟ್ರೇ, ದೋಸೆ!" ಎಂದು ಕೂಗಿದರು. ಕಾವಲಿ ಚುಂಯ್ ಎಂದಿತು. "ಎಂತಾದ್ರೂ ಮಾತಾಡು ಮಾರಾಯ್ತಿ, ಅಳೂದಕ್ಕೂ ಬಿಲ್ಲು ಬರ್ತದೆ!"

ಆಗ ನನಗೆ ಹೊಳೆಯಿತು. ಇಷ್ಟು ತಿಂಗಳು ಯೋಜನೆ ಹಾಕುವಾಗ ಯಾರಿಗೂ ಹೊಳೆದಿರಲಿಲ್ಲ. "ಯಜಮಾನ್ರೇ, ಕರೆ ಮಾಡಿದ್ದು ಅವರಲ್ವಾ? ಬಿಲ್ಲು ಬರೋದು ಅಳಿಯಂದಿರಿಗೆ."

ಯಜಮಾನರು ನನ್ನ ಮುಖ ನೋಡಿದರು. ಅಳುತ್ತಿದ್ದ ಹೆಂಡತಿಯನ್ನು ನೋಡಿದರು. ಕುರ್ಚಿಯೊಂದನ್ನು ತಾವೇ ಎಳೆದು ತಂದು ಅವರನ್ನು ಕೂರಿಸಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಭಟ್ರೇ, ದೋಸೆ ಬೇಡ! ಇಡ್ಲಿಗೆ ಉದ್ದು ನೆನೆಹಾಕಿ!"