ಹಡಗು ಹತ್ತಿದವರು ಮತ್ತು ನಮ್ಮ ಮನೆಯ ಕಸ

ನಮ್ಮ ಪತ್ರಿಕೆಗಳ ಮೇಲೆ ನನ್ನದೊಂದು ಹಳೆಯ ದೂರಿದೆ. ಹೊರಟವರ ಸುದ್ದಿಯನ್ನು ಅವು ಪಟದ ಸಮೇತ ಹಾಕುತ್ತವೆ; ತಲುಪಿದವರ ಸುದ್ದಿ ಹಾಕುವುದಿಲ್ಲ. ಹಾರ, ತುರಾಯಿ, ಕೈಬೀಸುವುದು ಎಲ್ಲ ಹೊರಡುವಾಗಲೇ. ಸುಖವಾಗಿ ಊರು ಮುಟ್ಟುವುದು ಸುದ್ದಿಯೇ ಅಲ್ಲವೆಂದು ಸಂಪಾದಕರು ತಿಳಿದಂತಿದೆ. ಅವರ ಮನೆಯಲ್ಲಿ ನಮ್ಮ ಅತ್ತೆಯಂಥವರು ಇರಲಿಲ್ಲ.

ಅತ್ತೆಯೆಂದರೆ ನನ್ನ ತಂದೆಯ ಅಕ್ಕ. ನನಗೆ ಗುಮಾಸ್ತೆಯ ಕೆಲಸ ಸಿಕ್ಕಿ ಲಷ್ಕರ್ ಮೊಹಲ್ಲಾದಲ್ಲಿ ಬಾಡಿಗೆ ಮನೆ ಹಿಡಿದಾಗ, ಬೇಯಿಸಿ ಹಾಕುತ್ತೇನೆಂದು ಹಳ್ಳಿಯಿಂದ ಬಂದವರು, ನನ್ನ ಮದುವೆಯಾದ ಮೇಲೂ ಉಳಿದರು. ಬರುವಾಗ ಒಂದು ಕಂಚಿನ ಚೊಂಬನ್ನೂ ಹಲವು ನಿಯಮಗಳನ್ನೂ ತಂದಿದ್ದರು. ಮನೆಯವರು ಪ್ರಯಾಣ ಹೊರಟ ಮೇಲೆ ಕಸ ಗುಡಿಸಬಾರದು ಎಂಬುದು ಅವುಗಳಲ್ಲೊಂದು. ಎಲ್ಲರ ಮನೆಯಲ್ಲೂ ಇರುವುದೇ. ಬೇರೆ ಮನೆಗಳಲ್ಲಿ ಹೋದವರು ಬೀದಿ ತಿರುಗಿದ ಮೇಲೆ ಪೊರಕೆ ಹಿಡಿಯುತ್ತಾರೆ. ಅತ್ತೆಯ ಲೆಕ್ಕದಲ್ಲಿ ಮಾತ್ರ ಹೋದವರು ಊರು ಮುಟ್ಟಬೇಕು, ಮುಟ್ಟಿದ ಸುದ್ದಿ ನಮಗೆ ಮುಟ್ಟಬೇಕು.

ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ನಮ್ಮ ದೇಶದ ಕ್ರಿಕೆಟ್ ತಂಡದ ಪಟ ಬಂತು. ವೆಸ್ಟ್ ಇಂಡೀಸ್ ಪ್ರವಾಸಕ್ಕೆಂದು ಬೊಂಬಾಯಿಯಲ್ಲಿ ಹಡಗು ಹತ್ತಿ, ಕಟಕಟೆ ಹಿಡಿದು ನಿಂತಿದ್ದರು. ಎಲ್ಲರೂ ನಗುತ್ತಿದ್ದರು, ಒಬ್ಬ ಮಾತ್ರ ನಗುತ್ತಿರಲಿಲ್ಲ ಎಂದು ನನ್ನ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ, ಅಂಥವನೊಬ್ಬ ಇದ್ದರೆ ಪ್ರಬಂಧಕ್ಕೆ ಒಳ್ಳೆಯದೆಂದು ಆಮೇಲೆ ಸೇರಿಸಿಕೊಂಡಿರಬಹುದು. ಅತ್ತೆ ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಇದರಲ್ಲಿ ಸಂಶಯವಿಲ್ಲ, ಯಾಕೆಂದರೆ ಮರುಕ್ಷಣ ಅವರು ನನ್ನ ಹೆಂಡತಿ ಸರೋಜಳ ಕೈಯಿಂದ ಪೊರಕೆ ಕಿತ್ತುಕೊಂಡರು.

"ಮಕ್ಕಳು ಸಮುದ್ರದ ಮ್ಯಾಲೆ ಓಗ್ತಾವ್ರೆ. ಗುಡಿಸ್ತೀಯಲ್ಲಮ್ಮ!"

"ಅವರು ಹೊರಟಿರೋದು ಬೊಂಬಾಯಿಯಿಂದ ಅತ್ತೆ, ನಮ್ಮನೆಯಿಂದಲ್ಲ."

"ಅವರವರ ಮನೇಲಿ ಮರೆತು ಗುಡಿಸ್ಬುಟ್ಟಿದ್ರೆ? ಒಂದು ಮನೇಲಾದ್ರೂ ಗುಡಿಸ್ದೆ ಇರ್ಲಿ ಬುಡು."

ಇಂಥ ಕಡೆ ಕಥೆಗಾರರು, ಅತ್ತೆಗೆ ಸಮುದ್ರದ ಪಾಲಾದ ಮಗನೊಬ್ಬನಿದ್ದ ಎಂದು ಬರೆದು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಬರೆದು, ಹೊಡೆದುಹಾಕಿದೆ. ಅಂಥ ಮಗ ಇರಲಿಲ್ಲ. ಅತ್ತೆಗೆ ಮಕ್ಕಳೇ ಇರಲಿಲ್ಲ. ಅವರು ಕಂಡ ಅತಿ ದೊಡ್ಡ ನೀರೆಂದರೆ ಕನ್ನಂಬಾಡಿ. ಕ್ರಿಕೆಟ್ಟಿನಲ್ಲಿ ಯಾರು ಯಾರಿಗೆ ಚೆಂಡು ಎಸೆಯುತ್ತಾರೆಂಬುದೂ ತಿಳಿಯದು. ಮಕ್ಕಳು ದೂರ ಹೊರಟಿದ್ದಾರೆ, ಅಷ್ಟೇ.

ಬೀದಿಯಲ್ಲಿ ಜಟಕಾ ಹೋದಾಗಲೆಲ್ಲ ಧೂಳು ನಮ್ಮ ನಡುಮನೆಗೇ ಬರುತ್ತಿತ್ತು. ಕೆಂಪು ನೆಲ ಕೆಲವೇ ದಿನಗಳಲ್ಲಿ ಬಣ್ಣ ಬಿಟ್ಟಿತು. ಮೇಜಿನ ಕೆಳಗೆ ಕೂದಲಿನ ಉಂಡೆಗಳು ಸ್ವತಂತ್ರವಾಗಿ ಓಡಾಡತೊಡಗಿದವು. ಅಷ್ಟರಲ್ಲಿ ಸರೋಜಳ ತಂದೆ ಬರುವ ಭಾನುವಾರ ಬರುತ್ತೇನೆಂದು ಹೇಳಿಕಳಿಸಿದರು. ಮಗಳ ಸಂಸಾರವನ್ನು ಮೊದಲ ಬಾರಿ ನೋಡಲು ಬರುವವರು; ನಿವೃತ್ತ ಹೆಡ್ಮಾಸ್ತರು; ಕುಳಿತುಕೊಳ್ಳುವ ಮೊದಲು ಕುರ್ಚಿಯನ್ನು ಬೆರಳಿನಿಂದ ಒರೆಸಿ ಬೆರಳು ನೋಡುವವರು.

"ನಮ್ಮಪ್ಪನ ಮುಂದೆ ನನ್ನ ಮಾನ ಹೋಗುತ್ತೆ ಕಣ್ರೀ," ಎಂದಳು ಸರೋಜ. ಕಣ್ಣಲ್ಲಿ ನೀರಿತ್ತು. "ಹಡಗು ಮುಟ್ಟಿತು ಅಂತ ಒಂದು ಮಾತು ಹೇಳ್ಬಿಡಿ."

ಹೇಳಿದೆ. "ಪಟ ಎಲ್ಲದೆ?" ಎಂದರು ಅತ್ತೆ. ಓದು ಬಾರದವರನ್ನು ಏಮಾರಿಸುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. "ಅತ್ತೋವಾಗ ಪಟ ಇಡುದ್ರು, ಇಳಿಯೋವಾಗ ಇಡೀಲಿಲ್ವ?"

ವಾಚನಾಲಯಕ್ಕೆ ಹೋಗಿ ಇದ್ದಬದ್ದ ಪತ್ರಿಕೆಗಳನ್ನೆಲ್ಲ ಹುಡುಕಿದೆ. ತಂಡದಲ್ಲಿ ಯಾರಿರಬೇಕಿತ್ತು, ಯಾರಿರಬಾರದಿತ್ತು ಎಂಬ ವಾದಗಳಿದ್ದವು. ಹಡಗು ಎಲ್ಲಿದೆಯೆಂದು ಒಂದು ಸಾಲಿಲ್ಲ.

ಕೊನೆಗೆ ದಾರಿ ಹುಡುಕಿದವಳು ಸರೋಜಳೇ. "ಅತ್ತೆ, ಮುಸ್ಸಂಜೇಲಿ ಗುಡಿಸಿದ್ರೆ ಕಸ ಹೊರಗೆ ಹಾಕದೆ ಮೂಲೇಲಿ ಇಡ್ತೀವಲ್ಲ? ಹಾಗೇ ಮಾಡೋಣ. ಗುಡಿಸ್ತೀನಿ, ಹೊಸ್ತಿಲು ದಾಟಿಸಲ್ಲ."

ಅತ್ತೆ ಹೊಸ್ತಿಲನ್ನೊಮ್ಮೆ, ಮೂಲೆಯನ್ನೊಮ್ಮೆ ನೋಡಿದರು. "ಅಂಗಾದ್ರೆ ಸರಿ," ಎಂದರು.

ಹಾಗಾಗಿ ಭಾನುವಾರ ಮಾವನವರು ಮಿರುಗುವ ನೆಲದ ಮೇಲೆ ಕುಳಿತು ಊಟ ಮಾಡಿ, ಮಗಳನ್ನು ಹೊಗಳಿದರು. ಬಾಗಿಲ ಹಿಂದೆ ಕವುಚಿಟ್ಟ ಮೊರವನ್ನು ನೋಡಿ ಏನೆಂದು ಕೇಳಿದರು. "ನಮ್ಮ ಉಡುಗ್ರದು," ಎಂದರು ಅತ್ತೆ. ಹೆಡ್ಮಾಸ್ತರು ಮೊರವನ್ನು ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡರು.

ಮೊರದ ಕೆಳಗೆ ಕಸ ಬೆಳೆಯುತ್ತಲೇ ಇತ್ತು. ಅಂತೂ ಒಂದು ದಿನ ಮೊದಲ ಆಟದ ವರದಿ ಬಂತು. ನಾನು ಸಪ್ಪೆ ಮೋರೆಯಲ್ಲಿ, "ನಮ್ಮವರು ಬೇಗ ಬೇಗ ಔಟಾದರು ಅತ್ತೆ," ಎಂದೆ.

"ಔಟಾದ್ರೆ ಆಗ್ಲಿ ಬುಡು. ನೆಲದ ಮ್ಯಾಲೆ ಆಡ್ತಾವ್ರೆ ತಾನೇ?"

ಮೊರವೆತ್ತಿ, ಕಸವನ್ನೆಲ್ಲ ತುಂಬಿ, ತಾವೇ ತಿಪ್ಪೆಗೆ ಸುರಿದು ಬಂದು ಕಾಲು ತೊಳೆದರು. ಆ ಪ್ರವಾಸದಲ್ಲಿ ನಮ್ಮವರು ಗೆದ್ದದ್ದು ಅದೊಂದೇ ಎಂದು ಈಗಲೂ ನನಗೆ ಅನಿಸುತ್ತದೆ.

ಕೆಲವು ವರ್ಷಗಳ ಮೇಲೆ ಹೊರದೇಶದ ತಂಡವೊಂದು ಮದರಾಸಿಗೆ ಆಡಲು ಬಂದಾಗ, ರಜೆ ಹಾಕಿ ನಾನೂ ಹೋದೆ. ಜೀವನದಲ್ಲಿ ನಾನು ಮಾಡಿದ ಅತಿ ದೂರದ ಪ್ರಯಾಣ. ನಮ್ಮ ಮನೆ ಧೂಳು ಹಿಡಿದು ನನಗಾಗಿ ಕಾಯುತ್ತಿರುತ್ತದೆಂದು ಇಡೀ ದಾರಿ ಒಳಗೊಳಗೇ ಹೆಮ್ಮೆಪಟ್ಟುಕೊಂಡು ಮರಳಿದರೆ, ನೆಲ ಕನ್ನಡಿಯಂತಿತ್ತು.

"ಗುಡಿಸಿಬಿಟ್ರಾ ಅತ್ತೆ?"

"ನಿಂಗೇನಾಗಿತ್ತೋ? ರೈಲಲ್ಲಿ ತಾನೇ ಓಗಿದ್ದು?"

ಗುರುತಿಲ್ಲದ ಆಟಗಾರರಿಗೆ ಸಿಕ್ಕಿದ ಮರ್ಯಾದೆ ಸ್ವಂತ ತಮ್ಮನ ಮಗನಿಗಿಲ್ಲ. ಮುಖ ಊದಿಸಿಕೊಂಡು ಚಪ್ಪಲಿ ಬಿಡಲು ಬಾಗಿಲ ಹಿಂದೆ ಹೋದೆ. ಮೊರ ಕವುಚಿತ್ತು. ಎತ್ತಿದೆ. ನಾನು ಹೋದ ದಿನದಿಂದ ಆದ ಕಸವೆಲ್ಲ ಅಲ್ಲಿತ್ತು.

ಸರೋಜ ಇದನ್ನು ಒಪ್ಪುವುದಿಲ್ಲ. ಅದು ಅವತ್ತಿನ ಕಸವಂತೆ. ತಾನೇ ಎತ್ತಿಹಾಕಲು ಮರೆತದ್ದಂತೆ. ಅವಳೇ ಸರಿಯಿರಬಹುದು. ಅತ್ತೆಯನ್ನು ಕೇಳಿದ್ದಕ್ಕೆ, "ಯಾವ ಕಸಾನೋ? ಅದಿರ್ಲಿ, ಮದ್ರಾಸಲ್ಲಿ ಯಾರ್ ಗೆದ್ರು?" ಎಂದಿದ್ದರು.

ಮದರಾಸಿನಲ್ಲಿ ಯಾರು ಗೆದ್ದರೋ, ಎಷ್ಟು ಪ್ರಯತ್ನಿಸಿದರೂ ನನಗೆ ನೆನಪಿಗೆ ಬರುತ್ತಿಲ್ಲ. ಕಸದಲ್ಲಿ ಒಂದು ಒಣಗಿದ ಸೇವಂತಿಗೆ, ಒಂದಿಷ್ಟು ಹುಣಸೆ ನಾರು, ಹೊರಡುವ ಬೆಳಿಗ್ಗೆ ಕಿತ್ತುಬಿದ್ದ ನನ್ನದೇ ಅಂಗಿಯ ಗುಂಡಿಯೊಂದು ಇದ್ದವು.