ಗ್ಲಾಡ್ ಬೇರೆ, ಹ್ಯಾಪಿ ಬೇರೆ

ತನುಶ್ರೀ: ಬೇರೆ ಕಥೆ ಬೇಡ. 'ಐ ಆಮ್ ಗ್ಲಾಡ್' ಅಂದ್ರೆ ಏನು, ಅಷ್ಟು ಹೇಳಿ ಸಾಕು.

ಬೆಳಿಗ್ಗೆಯಷ್ಟೇ ಪೆರೇಸಂದ್ರದ ತವರಿಗೆ ಹೋಗಿದ್ದ ಹೆಂಡತಿ, ಸಂಜೆಗೇ ಚಿಂತಾಮಣಿಯ ಮನೆ ಬಾಗಿಲಲ್ಲಿ ಬ್ಯಾಗನ್ನೂ ಇಳಿಸದೆ ನಿಂತಿದ್ದಳು. ಟೀಪಾಯಿಯ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ ಮೋಹನ್‌ಬಾಬು ಮೊದಲು ಕಾಲು ಇಳಿಸಿದ. ಪಕ್ಕದಲ್ಲಿ ಅವನ ತಾಯಿ ಸುಬ್ಬಲಕ್ಷ್ಮಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು.

ಮೋಹನ್‌ಬಾಬು: ನೀನು 'ಸೇಫಾಗಿ ತಲುಪಿದೆ' ಅಂತ ಮೆಸೇಜ್ ಹಾಕಿದ್ದೆ. ಅದಕ್ಕೆ ಗ್ಲಾಡ್ ಅಂದೆ. ತಪ್ಪಾ?

ತನುಶ್ರೀ: ಅದರ ಕೆಳಗೇ 'ಸಂಕ್ರಾಂತಿ ಮುಗಿಸ್ಕೊಂಡೇ ಬರೋದು' ಅಂತಾನೂ ಇತ್ತಲ್ಲ. ಗ್ಲಾಡ್ ಯಾವುದಕ್ಕೆ?

ಮೋಹನ್‌ಬಾಬು: ನಿಜ ಹೇಳ್ತೀನಿ ಕಣೇ, ಎರಡನೇ ಸಾಲು ಓದ್ಲೇ ಇಲ್ಲ.

ತನುಶ್ರೀ: ಕೇಳಿದ್ರಾ ಅತ್ತೆ? ನಾನು ಬರೆದಿದ್ದೇ ಎರಡು ಸಾಲು. ಅದನ್ನ ಪೂರ್ತಿ ಓದೋಕೂ ಇವ್ರಿಗೆ ಪುರುಸೊತ್ತಿಲ್ಲ!

ಬಚಾವಾಗಲು ಹೇಳಿದ ಮಾತೇ ಕುತ್ತಿಗೆಗೆ ಬಂದಿತ್ತು. ಮೋಹನ್‌ಬಾಬು ಇಂಗ್ಲಿಷಿನ ಮೊರೆ ಹೊಕ್ಕ.

ಮೋಹನ್‌ಬಾಬು: ನೋಡು, ನಾನು ಹ್ಯಾಪಿ ಅಂದಿಲ್ಲ. ಗ್ಲಾಡ್ ಬೇರೆ, ಹ್ಯಾಪಿ ಬೇರೆ. ಹೋಗಿದ್ದ ಕರೆಂಟ್ ಬಂತು, ಗ್ಲಾಡ್. ಬಸ್ಸಲ್ಲಿ ಸೀಟು ಸಿಕ್ತು, ಗ್ಲಾಡ್. ಹ್ಯಾಪಿ ಹಂಗಲ್ಲ. ಅದು ದಿನಾ ಒಳಗೇ ಇರೋದು.

ತನುಶ್ರೀ: ಓಹೋ! ನಾನು ಮನೇಲಿದ್ರೆ ನೀವು ದಿನಾ ಹ್ಯಾಪಿನಾ?

ಮೋಹನ್‌ಬಾಬು ಉತ್ತರಿಸುವ ಮುಂಚೆ ಒಮ್ಮೆ ಉಸಿರೆಳೆದುಕೊಂಡ. ಅಷ್ಟೇ ಸಾಕಾಯಿತು.

ತನುಶ್ರೀ: ಯಾಕ್ರೀ ಯೋಚ್ನೆ?

ಮೋಹನ್‌ಬಾಬು: ಯೋಚ್ನೆ ಅಲ್ಲ ಕಣೇ, ಸ್ಕೋರ್ ನೋಡ್ದೆ.

ಸುಬ್ಬಲಕ್ಷ್ಮಮ್ಮ: ಏಮಿರಾ ಇದಿ, ಏನೋ ಇದು, ನಂಗೂ ಬಿಡಿಸಿ ಹೇಳಪ್ಪ. ನಾನು ತವರಿಗೆ ಹೊರಟ್ರೆ ನಿಮ್ಮಪ್ಪ ಬಸ್ ಹತ್ತಿಸಿ, ಅದು ಕಣ್ಮರೆ ಆಗೋಗಂಟ ನಿಂತು ನೋಡೋರು. ನಂಗೆ ಅಳೂನೇ ಬರೋದು. ಅದು ಯಾವ್ದು?

ಮೋಹನ್‌ಬಾಬು: ಅದು ಗ್ಲಾಡ್ ಕಣಮ್ಮ.

ಸಿಪ್ಪೆಯಿಂದ ಜಾರಿದ ಅವರೆಬೇಳೆಯೊಂದು ನೇರವಾಗಿ ಅವನ ಹಣೆಗೆ ಬಂದು ಬಡಿಯಿತು. ಅದು ತಾನಾಗಿ ಜಾರಿದ್ದೋ, ತಾಯಿ ಜಾರಿಸಿದ್ದೋ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ತನುಶ್ರೀಯ ಫೋನು ಹೊಡೆದುಕೊಂಡಿತು. ತವರಿನಿಂದ ಅವಳ ತಾಯಿ ಆಂಜಿನಮ್ಮ.

ತನುಶ್ರೀ: ಇರಿ, ಸ್ಪೀಕರ್ ಹಾಕ್ತೀನಿ. ಅಲ್ಲಿ ನನ್ನ ಹೆಂಗೆ ನೋಡ್ಕೋತಾರೆ ಅಂತ ನೀವೂ ಕೇಳಿ.

ಆಂಜಿನಮ್ಮ: ತಲುಪಿದ್ಯಾ? ಸದ್ಯ! ನೀನು ಸಂಕ್ರಾಂತಿಗಂಟ ಅಂದಾಗ ನಿಮ್ಮಪ್ಪಂಗೆ ಎದೆ ಧಸಕ್ ಅಂತು ಕಣೇ. ಈಗ ರಿಮೋಟ್ ಹಿಡ್ಕೊಂಡು ನಗ್ತಾ ಕೂತವ್ರೆ.

ತನುಶ್ರೀ ಫೋನಿಟ್ಟಳು. ಅವಳ ತುಟಿ ಅದುರಿದ್ದು ಕಂಡು ಮೋಹನ್‌ಬಾಬು ಬರುತ್ತಿದ್ದ ನಗು ನುಂಗಿಕೊಂಡ. ಟೀವಿ ಆರಿಸಿ ಎದ್ದುಬಂದು, ಅವಳ ಹೆಗಲಿನ ಬ್ಯಾಗನ್ನು ತಾನೇ ಇಳಿಸಿಕೊಂಡ.

ಮೋಹನ್‌ಬಾಬು: ಬಾ, ಕೂತ್ಕೋ. ಕಾಫಿ ಮಾಡ್ತೀನಿ.

ತನುಶ್ರೀ: ನಾನು ಬಂದಿದ್ದು... ಗ್ಲಾಡಾ?

ಮೋಹನ್‌ಬಾಬು: ಇಲ್ಲ ಕಣೇ. ಹ್ಯಾಪಿ.

ತನುಶ್ರೀ (ಕಣ್ಣೊರೆಸಿಕೊಂಡು): ಹಂಗಾದ್ರೆ ಇನ್ನು ಯುಗಾದಿಗೂ ಹೋಗಲ್ಲ, ಗೌರಿ ಹಬ್ಬಕ್ಕೂ ಹೋಗಲ್ಲ. ಇಲ್ಲೇ ಇರ್ತೀನಿ ಬಿಡಿ.

ಬ್ಯಾಗು ಹಿಡಿದ ಮೋಹನ್‌ಬಾಬು ಇದ್ದಲ್ಲೇ ನಿಂತ.

ಸುಬ್ಬಲಕ್ಷ್ಮಮ್ಮ: ಅಮ್ಮಾ ತನು, ಇವನ ಮುಖ ಒಂದ್ಸಲ ನೋಡು. ಇದಕ್ಕೇನಂತಾರಮ್ಮ ಇಂಗ್ಲಿಷ್‌ನಲ್ಲಿ?