ಲೇತಿನ ಕೆಳಗೆ ಸೀತಮ್ಮನ ಮಂಡಿ

"ಈ ಭಾನುವಾರ ಮನ್ಸೂರ್ ಸಾಬ್ರ ಉಗುರು ಜಾರ್ಲಿಲ್ಲ ಅಂದ್ರೆ, ನನ್ ಹೆಸ್ರು ಶೇಷಗಿರಿನೇ ಅಲ್ಲ, ತಿಳ್ಕೋ!"

ಶುಕ್ರವಾರದ ಬೆಳಗ್ಗೆ ಇಡ್ಲಿ ತಟ್ಟೆಯ ಮುಂದೆ ಶೇಷಗಿರಿಯವರು ಮಾಡಿದ ಈ ಭೀಷ್ಮ ಪ್ರತಿಜ್ಞೆಯನ್ನು ಹೆಂಡತಿ ಸೀತಮ್ಮ ಚಟ್ನಿ ಬಡಿಸುತ್ತಲೇ ಕೇಳಿಸಿಕೊಂಡರು.

"ಹೆಸ್ರು ಮಾತ್ರ ಬದ್ಲಾಯಿಸ್ಬೇಡಿ. ಆಧಾರ್ ತಿದ್ದಿಸೋಕೆ ಯಾರು ಓಡಾಡ್ತಾರೆ?"

ಶೇಷಗಿರಿಯವರು ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಪೆನ್ಸಿಲ್ ಹಿಡಿದು, ನಿವೃತ್ತರಾಗಿ, ಊರಂಚಿನ ಸಿಂಗಾಪುರ ಎಂಬ ಬಡಾವಣೆಯಲ್ಲಿ ಮನೆ ಮಾಡಿದವರು. ಅವರು ಕಾಗದದ ಮೇಲೆ ಬರೆದದ್ದನ್ನೆಲ್ಲ ಉಕ್ಕನ್ನು ಗರಗರ ತಿರುಗಿಸುವ ಲೇತ್ ಯಂತ್ರದ ಮೇಲೆ ಕಡೆದು ಕೈಗಿಟ್ಟವರು ಅದೇ ಕಾರ್ಖಾನೆಯ ಟರ್ನರ್ ಮನ್ಸೂರ್. ಮನ್ಸೂರ್ ಈಗಲೂ ಮಾಕಳಿಯ ಶೆಡ್ಡೊಂದರಲ್ಲಿ ದಿನಾ ಲೇತ್ ಓಡಿಸುತ್ತಾರೆ. ಶೇಷಗಿರಿಯವರಿಗೂ ಬಯಸಿ ಬಯಸಿ ಒಂದು ಪುಟಾಣಿ ಲೇತ್ ಬಂದಿತ್ತು. ನಲವತ್ತು ಕೆಜಿ ತೂಕದ ಆ ಕಂದಮ್ಮ ವಾಷಿಂಗ್ ಮೆಷಿನ್ನನ್ನು ಬಚ್ಚಲಿಗೆ ಓಡಿಸಿ ಯುಟಿಲಿಟಿಯಲ್ಲಿ ಪಟ್ಟಕ್ಕೇರಿತ್ತು!

ಕಡೆದ ಉಕ್ಕನ್ನು ಎಲ್ಲರೂ ಕಣ್ಣಿನಿಂದ ನೋಡಿದರೆ ಮನ್ಸೂರ್ ಉಗುರಿನಿಂದ ನೋಡುತ್ತಾರೆ. ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆಯುತ್ತಾರೆ. ಎಲ್ಲೂ ತಡೆಯದೆ ಜಾರಿದರೆ "ಹ್ಞಾ!" ಎನ್ನುತ್ತಾರೆ. ತಡೆದರೆ "ಪರ್ವಾಗಿಲ್ಲ ಸಾರ್" ಎಂದು ಕೆಳಗಿಡುತ್ತಾರೆ. ಶೇಷಗಿರಿಯವರಿಗೆ ಈವರೆಗೆ ಮೂರು "ಪರ್ವಾಗಿಲ್ಲ" ಸಂದಿದ್ದವು. ಮೂರೂ ಸಲ ಅವರಿಗೆ ರಾತ್ರಿ ಊಟ ಸೇರಿರಲಿಲ್ಲ. ಜಗತ್ತೇ ಹೊಗಳಲಿ, ಮನ್ಸೂರ್ ಬಾಯಿಂದ ಒಂದು "ಹ್ಞಾ" ಬರದಿದ್ದರೆ ಈ ಜನ್ಮ ದಂಡ ಎಂದು ಅವರು ನಿರ್ಧರಿಸಿಬಿಟ್ಟಿದ್ದರು.

ತಪ್ಪು ಅವರದಲ್ಲ, ಲೇತಿನದು. ಉಳಿಯನ್ನು ಹೊತ್ತು ಆಚೀಚೆ ಓಡಾಡುವ ಕ್ಯಾರೇಜ್ ಮೇಲಕ್ಕೆ ಏಳದಂತೆ ಅದನ್ನು ಕೆಳಗಿನಿಂದ ಹಿಡಿದಿರುವುದು ಎರಡು ಕಬ್ಬಿಣದ ಪಟ್ಟಿ. ಆ ಪಟ್ಟಿಗಳಿಗೆ ಹತ್ತು ಸ್ಕ್ರೂ. ಕೆಲವು ಎಳೆಯುತ್ತವೆ, ಕೆಲವು ತಳ್ಳುತ್ತವೆ, ಒಂದನ್ನು ಮುಟ್ಟಿದರೆ ಉಳಿದ ಒಂಬತ್ತೂ ಮುನಿಸಿಕೊಳ್ಳುತ್ತವೆ! ಬಿಗಿ ಮಾಡಿದರೆ ಕ್ಯಾರೇಜ್ ಧರಣಿ ಕೂರುತ್ತದೆ. ಸಡಿಲ ಬಿಟ್ಟರೆ ಗಡಗಡ ನಡುಗಿ ಉಕ್ಕಿನ ಮೈಮೇಲೆಲ್ಲ ಬರೆ ಎಳೆಯುತ್ತದೆ.

"ಈ ಎಳೆಯೋ ತಳ್ಳೋ ರಾಜಕೀಯವೇ ಬೇಡ. ಪಟ್ಟಿ ಸಂದಿಗೆ ಲೆಕ್ಕವಾಗಿ ತೆಳ್ಳಗೆ ಪ್ಯಾಕಿಂಗ್ ಕೊಟ್ಟು, ಸ್ಕ್ರೂ ಪೂರ್ತಿ ಬಿಗಿದುಬಿಡ್ತೀನಿ. ಜನ್ಮದಲ್ಲಿ ಅಲ್ಲಾಡಲ್ಲ!" ಎಂದು ಶನಿವಾರ ಬೆಳಗ್ಗೆ ಶೇಷಗಿರಿಯವರು ಲೇತನ್ನು ತಬ್ಬಿ ತಂದು ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿದರು.

"ರೀ, ಊಟ ಎಲ್ಲಿ ಮಾಡೋದು?"

"ಇವತ್ತೊಂದಿನ ನೆಲದ್ಮೇಲೆ ಕೂತ್ಕೊಳ್ಳೋಣ."

"ಕೂತ್ಕೋಬೋದು. ಈ ಮಂಡಿ ಇಟ್ಕೊಂಡು ಎದ್ದೇಳ್ಸೋರು ಯಾರು? ಅದಕ್ಕೇ ತಾನೇ ಸೋಮವಾರ ಡಾಕ್ಟ್ರ ಹತ್ರ ಹೋಗ್ತಿರೋದು?"

ಸೀತಮ್ಮ ಅಡುಗೆ ಕಟ್ಟೆಯ ಪಕ್ಕ ನಿಂತೇ ಊಟ ಮುಗಿಸಿದರು. ಶೇಷಗಿರಿಯವರಿಗೆ ಊಟದ ನೆನಪೇ ಇರಲಿಲ್ಲ. ಲೆಕ್ಕದ ಪ್ರಕಾರ ಬೇಕಾದ ಪ್ಯಾಕಿಂಗಿನ ದಪ್ಪ ಸೊನ್ನೆ ಪಾಯಿಂಟ್ ಒಂದು ಎಂಟು ಮಿಲಿಮೀಟರ್. ಅವರು ಮೈಕ್ರೋಮೀಟರ್ ಹಿಡಿದು ಮನೆಯ ಮೇಲೆ ದಂಡೆತ್ತಿ ಹೋದರು! ಹಾಲಿನ ಕವರ್ ತೀರಾ ತೆಳು. ಗೃಹಪ್ರವೇಶದ ಆಮಂತ್ರಣ ತೀರಾ ದಪ್ಪ. ಕ್ಯಾಲೆಂಡರಿನ ಹಾಳೆ ಸರಿಯಿತ್ತು, ಆದರೆ ಎಣ್ಣೆ ಕುಡಿದು ಉಬ್ಬುವ ಜಾತಿ. ಕೊನೆಗೆ ಬೀರುವಿನ ಮೇಲೆ ದೊಡ್ಡ ಕವರಿನಲ್ಲಿ ಸಿಕ್ಕಿತು, ತಮ್ಮದೇ ಎದೆಯ ಹಳೆಯ ಎಕ್ಸ್‌ರೇ. ಅಳೆದರು. ಸೊನ್ನೆ ಪಾಯಿಂಟ್ ಒಂದು ಎಂಟು! ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂದೋ ಕೆಮ್ಮಿದ್ದು ಸಾರ್ಥಕವಾಯಿತು ಎಂದು ಕತ್ತರಿ ಹಾಕಿಯೇಬಿಟ್ಟರು.

ನಾಲ್ಕು ಪಟ್ಟಿ ಕತ್ತರಿಸಿ, ಸಂದಿಗಿಟ್ಟು, ಸ್ಕ್ರೂಗಳನ್ನು ಜೀವ ಹೋಗುವಂತೆ ಬಿಗಿದು, ಲೇತನ್ನು ಮತ್ತೆ ಯುಟಿಲಿಟಿಗೆ ಹೊತ್ತರು. ಕೈಚಕ್ರವನ್ನು ಒಂದೇ ಬೆರಳಲ್ಲಿ ತಿರುಗಿಸಿದರು. ಆಹಾ! ಕ್ಯಾರೇಜ್ ಬೆಣ್ಣೆಯ ಮೇಲೆ ನಡೆದಂತೆ ನಡೆಯಿತು. ಅಲುಗಾಡಿಸಿ ನೋಡಿದರೆ ಮಿಸುಕಲಿಲ್ಲ. ಆ ಕ್ಷಣ ಶೇಷಗಿರಿಯವರಿಗೆ ತಮ್ಮ ಮೇಲೆ ತಮಗೇ ಅಪಾರ ಗೌರವ ಹುಟ್ಟಿತು.

ಸಂಜೆ ರೂಮಿನಿಂದ ಸೀತಮ್ಮನ ದನಿ ಕೇಳಿಸಿತು.

"ರೀ! ನನ್ ಮಂಡಿ ಎಲ್ಲಿ?"

"ಕಾಲಲ್ಲೇ ಇರ್ಬೇಕಲ್ಲ?"

"ತಮಾಷೆ ಸಾಕು. ಡಾಕ್ಟ್ರಿಗೆ ತೋರಿಸ್ಬೇಕಾದ ಮಂಡಿ ಎಕ್ಸ್‌ರೇ! ಬೀರು ಮೇಲೆ ಇಟ್ಟಿದ್ದೆ."

ಶೇಷಗಿರಿಯವರು ಯುಟಿಲಿಟಿಗೆ ಓಡಿದರು. ಕತ್ತರಿಸಿ ಉಳಿದ ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಪಕ್ಕೆಲುಬು ಕಾಣಲಿಲ್ಲ. ಕಂಡದ್ದು ಅರ್ಧ ಮಂಡಿಚಿಪ್ಪು.

"ಸೀತಾ... ನನ್ ಎದೇದು ಅಂದ್ಕೊಂಡೆ ಕಣೇ."

"ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿ, ನನ್ ಮಂಡಿಗೂ ನಿಮ್ ಎದೆಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ? ಇವ್ರು ಕಾರ್ಖಾನೇಲಿ ಡ್ರಾಯಿಂಗ್ ಬರೀತಿದ್ರಂತೆ! ಬಿಚ್ಚಿ ಈಗ್ಲೇ!"

"ಇನ್ನೊಂದೇ ದಿನ! ನಾಳೆ ಮನ್ಸೂರ್ ಬಂದು ಹೋಗೋವರ್ಗೆ ನಿನ್ ಮಂಡಿ ನನಗಿರ್ಲಿ. ಕೈ ಮುಗೀತೀನಿ."

ಸೀತಮ್ಮ ಕುಂಟುತ್ತಾ ಬಂದು ಕೈಚಕ್ರಕ್ಕೆ ಬೆರಳು ತಾಗಿಸಿದರು. ಕ್ಯಾರೇಜ್ ಸದ್ದಿಲ್ಲದೆ ಆ ತುದಿ ಮುಟ್ಟಿ ನಿಂತಿತು. ಸಿಟ್ಟಿನ ನಡುವೆಯೂ ಅವರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ನನ್ ಮಂಡಿ ನನಗಿಂತ ಚೆನ್ನಾಗಿ ಇದಕ್ಕೇ ಕೆಲ್ಸ ಮಾಡ್ತಿದೆ! ಇರ್ಲಿ ಬಿಡಿ. ಸೋಮವಾರ ಹೊಸ ಎಕ್ಸ್‌ರೇಗೆ ಕ್ಯೂ ನಿಲ್ಲೋರು ನೀವು."

ಭಾನುವಾರ ಹನ್ನೊಂದಕ್ಕೆ ಮನ್ಸೂರ್ ಬಂದರು. ಶೇಷಗಿರಿಯವರು ಹೊಸ ಡ್ರಾಯಿಂಗನ್ನೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಇಪ್ಪತ್ತು ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಪಿನ್. ಲೇತ್ ಗುಂಯ್ ಎಂದಿತು. ಉಕ್ಕಿನ ಸುರುಳಿ ಎಳೆ ಕಡಿಯದೆ ಇಳಿಯತೊಡಗಿತು. ಆ ಓಟದ ಅಂದಕ್ಕೆ ಮರುಳಾದ ಶೇಷಗಿರಿಯವರು ಮುಗಿದ ಮೇಲೂ ಇನ್ನೊಂದು ಸಲ ಉಳಿ ಓಡಿಸಿದರು. ಕಣ್ತುಂಬ ನೋಡಲು ಮತ್ತೂ ಒಂದು ಸಲ!

ಮನ್ಸೂರ್ ಪಿನ್ನನ್ನು ಒರೆಸಿಕೊಂಡು ಹೆಬ್ಬೆರಳಿನ ಉಗುರು ಇಟ್ಟರು. ಎಳೆದರು. ಶೇಷಗಿರಿಯವರು ಉಗುರಿನ ಮೇಲೆಯೇ ಬಾಗಿದರು. ಸೀತಮ್ಮ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತರು. ಉಗುರು ಎಲ್ಲೂ ತಡೆಯಲಿಲ್ಲ. ಜಾರಿ ಆ ತುದಿಯಿಂದ ಆಚೆ ಬಿತ್ತು.

"ಹ್ಞಾ!" ಎಂದರು ಮನ್ಸೂರ್.

ಶೇಷಗಿರಿಯವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅಷ್ಟಕ್ಕೇ ಸುಮ್ಮನಿದ್ದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಹಿಗ್ಗಿನಲ್ಲಿ ಜೇಬಿನಿಂದ ಡ್ರಾಯಿಂಗ್ ತೆಗೆದು ಮನ್ಸೂರ್ ಕೈಗೆ ಕೊಟ್ಟರು. ಮನ್ಸೂರ್ ಕನ್ನಡಕ ಏರಿಸಿ ಅದನ್ನು ಓದಿದರು, ಮೈಕ್ರೋಮೀಟರ್ ಎತ್ತಿಕೊಂಡು ಅಳೆದರು, ಇನ್ನೊಮ್ಮೆ ಅಳೆದರು.

"ಹೆಚ್ಚುಕಮ್ಮಿಗೆ ಮಿಲಿಮೀಟರಿನ ನೂರನೇ ಒಂದು ಭಾಗ ಅಷ್ಟೇ ಬಿಟ್ಟಿದೀರ ಸಾರ್ ಇದ್ರಲ್ಲಿ. ಇದು, ಎರಡ್ಸಲ ಜಾಸ್ತಿ ಉಳಿ ಓಡಿಸಿದ್ರಲ್ಲ, ಅಂಥ ಏಳು ಭಾಗ ಕಮ್ಮಿ ಇದೆ. ನಿಮ್ ಡ್ರಾಯಿಂಗ್ ಪ್ರಕಾರ ರಿಜೆಕ್ಟು."

"ಅಯ್ಯೋ ಬಿಡ್ರೀ ಮನ್ಸೂರ್ ಸಾಬ್! ಒಂದು ಕೂದಲಷ್ಟು. ಅಷ್ಟೆಲ್ಲ ಯಾರ್ ನೋಡ್ತಾರೆ?"

ಮನ್ಸೂರ್ ಮೈಕ್ರೋಮೀಟರನ್ನು ನಿಧಾನವಾಗಿ ಕೆಳಗಿಟ್ಟರು.

"ಅಮ್ಮಾ, ನೀವು ಸಾಕ್ಷಿ! ಮೂವತ್ತ್ ವರ್ಷ ಆಯ್ತು, ಈ ಮಾತು ಇವ್ರ ಬಾಯಲ್ಲಿ ಒಂದ್ಸಲ ಕೇಳ್ಬೇಕು ಅಂತ!"

ಆಗ ಶೇಷಗಿರಿಯವರಿಗೆ ನೆನಪಾಯಿತು. ಎಣ್ಣೆಗೈಯ ಮನ್ಸೂರ್ ಡ್ರಾಯಿಂಗ್ ಆಫೀಸಿನ ಮೆಟ್ಟಿಲು ಹತ್ತಿ ಬಂದು "ಸಾರ್, ಒಂಚೂರು ಜಾಸ್ತಿ ಬಿಟ್ಕೊಡಿ, ಹಳೇ ಮೆಷಿನ್ನು" ಎಂದು ಕೇಳುತ್ತಿದ್ದದ್ದು, ತಾವು ತಲೆ ಎತ್ತದೆ "ಡ್ರಾಯಿಂಗ್ ಅಂದ್ರೆ ಡ್ರಾಯಿಂಗ್" ಎನ್ನುತ್ತಿದ್ದದ್ದು. ಆ ಮನುಷ್ಯ ಮರುಮಾತಾಡದೆ ಇಳಿದು ಹೋಗಿ, ಸಂಜೆಯೊಳಗೆ ಅಳತೆಗೆ ಸರಿಯಾಗಿ ಮಾಡಿ ತರುತ್ತಿದ್ದರು! ಪೆನ್ಸಿಲಿನಲ್ಲಿ ಗೀಚಲು ಅರೆ ಕ್ಷಣ ಹಿಡಿಯುತ್ತಿದ್ದ ಆ ನೂರನೇ ಒಂದು ಭಾಗದ ಭಾರ ಅವರಿಗೆ ಈಗ ಅರ್ಥವಾಯಿತು. ಎದುರಿಗಿದ್ದ ಆ ಒರಟು ಕೈಗಳ ಮೇಲೆ ಭಕ್ತಿಯೇ ಬಂದುಬಿಟ್ಟಿತು. ಅವನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ಹೇಗ್ರೀ ಮಾಡ್ತಿದ್ರಿ ಮನ್ಸೂರ್ ಸಾಬ್, ದಿನಾ ದಿನಾ?"

ಮನ್ಸೂರ್ ಕಾಫಿ ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು ಹೇಳಿದರು:

"ನಿಮ್ಮನ್ನ ಬೈಕೊಂಡು ಸಾರ್!"